ಉಪ್ಪುಗಿವಿ

ಸೊಲಿಕಾಮ್ಸ್ಕ್‌ನವರನ್ನು ಹೊರಗಿನವರು ಉಪ್ಪುಗಿವಿಯವರು ಅನ್ನುತ್ತಾರೆ.
ಹಿಂದೆ ಕಾಮಾ ನದಿಯ ದೋಣಿಗಳಿಗೆ ಉಪ್ಪಿನ ಮೂಟೆ ಹೊತ್ತವರ
ಕಿವಿಗೆ ಉಪ್ಪು ಕಚ್ಚಿ ಕಚ್ಚಿ
ಕೆಂಪಗೆ ಊದಿ, ಅಂಚು ಮಡಚಿಕೊಂಡು
ಹಾಗೇ ನಿಂತುಬಿಡುತ್ತಿತ್ತಂತೆ.

ಪ್ರೋಖೋರ್ ವಿಲೇಸೊವ್‌ನ ಕಿವಿಯೂ ಹಾಗೇ.
ಮೂಟೆ ಹೊತ್ತದ್ದಲ್ಲ,
ಪಟಾಶ್ ಗಣಿಯ ಹಿಂದಿನ ಸಾಂಬೊ ಗರಡಿಯಲ್ಲಿ
ಹದಿಮೂರಕ್ಕೇ ಚಾಪೆಗೆ ಉಜ್ಜಿಕೊಂಡದ್ದು.
ಗಣಿ ದವಾಖಾನೆಯ ನರ್ಸು ನಾನು, ಲುಕೇರ್ಯ.
ಕಟ್ಟಿದ ರಕ್ತವನ್ನು ಸೂಜಿಯಲ್ಲಿ ಎಳೆಯುವಾಗ
ಹುಡುಗ ಗೋಡೆಯ ಮೇಲಿನ ಸೂಚನೆಗಳನ್ನು
ಗಟ್ಟಿಯಾಗಿ ಓದುತ್ತಿದ್ದ, ಅಳು ಬಾರದಿರಲೆಂದು:
"ಹೆಲ್ಮೆಟ್ ಇಲ್ಲದೆ ಕೆಳಗಿಳಿಯಬಾರದು."
ಹಾಕಿಕೊಂಡೇ ಇಳಿದಿದ್ದ ಅವನಪ್ಪ.

ಮೊದಲ ಕಾಳಗ ಪೆರ್ಮ್‌ನ ಸರ್ಕಸ್ ಕಟ್ಟಡದಲ್ಲಿ.
ಕರಡಿಯ ವಾಸನೆ ಇನ್ನೂ ಆರಿರಲಿಲ್ಲ.
ಗೆದ್ದದ್ದು ಒಂದು ಫ್ರಿಜ್ಜು.
ಬಸ್ಸಿನ ನೆತ್ತಿಗೆ ಕಟ್ಟಿ ತಂದೆವು, ಇನ್ನೂರು ಕಿಲೋಮೀಟರು,
ಹೊರಗೆ ಮೈನಸ್ ಮೂವತ್ತೊಂದು.
ದಾರಿಯುದ್ದಕ್ಕೂ ನಕ್ಕೆವು.

ಆಮೇಲೆ ಹದಿನಾರು ವರ್ಷ
ಅವನ ಕೈಗೆ ಪಟ್ಟಿ ಸುತ್ತಿದವಳು ನಾನೇ.
ಮಣಿಕಟ್ಟಿಗೆ ಮೂರು, ಗೆಣ್ಣಿಗೆ ಏಳು,
ಬೆರಳ ಸಂದಿಗೊಂದೊಂದು, ಮತ್ತೆ ಮಣಿಕಟ್ಟು.
ಒಸಾಕಾದಲ್ಲಿ ಮೂವತ್ತು ಸಾವಿರ ಜನ ಎಷ್ಟು ಸುಮ್ಮನಿದ್ದರೆಂದರೆ
ನನ್ನ ವ್ಯಾಸಲೀನ್ ಡಬ್ಬಿಯ ಮುಚ್ಚಳ ಬಿದ್ದದ್ದು
ಮೇಲಿನ ಸಾಲಿಗೂ ಕೇಳಿತು.
ಪ್ರೋಶಾ ಹಲ್ಲು ಕಡಿಯುತ್ತಿರಲಿಲ್ಲ, ಗುರಾಯಿಸುತ್ತಿರಲಿಲ್ಲ.
ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ.
ಬಂದ ಕೂಡಲೇ ಹತ್ತಿಬಿಡುತ್ತಿದ್ದ.
ಹತ್ತೊಂಬತ್ತು ಗೆಲುವು, ಒಂದರ ಹಿಂದೊಂದು.
ಮಂಜಿನ ಮನುಷ್ಯ ಎಂದು ಬರೆದರು ಪತ್ರಿಕೆಯವರು.
ಎಲ್ಲಿಯ ಮಂಜು?
ನನ್ನ ಕೈಯೊಳಗೆ ಅವನ ಅಂಗೈ
ಪ್ರತಿ ಸಲವೂ ಬೆವೆತಿರುತ್ತಿತ್ತು.

ಮಾಂಟ್ರಿಯಲ್‌ನಲ್ಲಿ ಇಪ್ಪತ್ತನೆಯದು.
ಎದುರಿಗೆ ರೊಟರ್ಡ್ಯಾಮ್ ಬಂದರಿನ ಕ್ರೇನ್ ಚಾಲಕ,
ಹೆಸರೇ ಕೇಳಿರದವನು.
ಎರಡನೆಯ ಸುತ್ತಿನಲ್ಲಿ ತೋಳು ಸಿಕ್ಕಿಕೊಂಡಿತು.
ಆ ಡಚ್ಚನ ತೊಡೆಯ ಮೇಲೆ ಪ್ರೋಶಾ ಮೂರು ಸಲ ತಟ್ಟಿದ,
ಮೆಲ್ಲಗೆ,
ಅಪರಾತ್ರಿ ಮನೆಗೆ ಬಂದವನು
ಮಕ್ಕಳು ಏಳದಿರಲೆಂದು ಬಾಗಿಲು ತಟ್ಟುವ ಹಾಗೆ.

ಇನ್ನೊಂದು ಸೋತ. ಮತ್ತೊಂದು.
ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುವ ಮಾತಿದೆ,
ಊರು ಅಷ್ಟು ಕಾಯಲಿಲ್ಲ.
ಕಾರ್ಖಾನೆ ಗೇಟಿನ ಮೇಲಿದ್ದ ಅವನ ಚಿತ್ರಕ್ಕೆ
ಗೊಬ್ಬರದ ಜಾಹೀರಾತು ಅಂಟಿಸಿದರು.
ಕಾಗದ ಸಾಲದೆ ಬಲಮೂಲೆಯಲ್ಲಿ
ಒಂದು ಕಿವಿ ಉಳಿಯಿತು.
ಪಾಳಿ ಮುಗಿಸಿ ಬರುವಾಗ ದಿನಾ ನೋಡುತ್ತಿದ್ದೆ.

ಕೋಚ್ ಸವ್ವಾತೀ ಸಾಕು ಅಂದ.
ಸಾಲದು ಅಂದ ಪ್ರೋಶಾ; ಮಗಳ ಫೀಸು, ಬ್ಯಾಂಕು,
ಇನ್ನೂ ಏನೋ, ಹೇಳಲಿಲ್ಲ.
ಯೆಕತೆರಿನ್‌ಬುರ್ಗ್‌ನ ಆ ಕೊನೆಯ ರಾತ್ರಿ
ಪಟ್ಟಿ ಸುತ್ತುತ್ತ, ಬೆರಳು ಬಿಡಿಸು ಅಂದೆ.
ಬಿಡಿಸಿದ್ದೇನಲ್ಲ, ಅಂದ.
ಬಿಡಿಸಿರಲಿಲ್ಲ.
ಬಾಗಿಲಲ್ಲೇ ಡಾಕ್ಟರಿದ್ದರು, ಹೆಬ್ಬೆರಳಿನ ಉಗುರು ಕತ್ತರಿಸಿಕೊಳ್ಳುತ್ತ.
ನಾನು ಹೇಳಲಿಲ್ಲ.
ಗೆಣ್ಣಿಗೆ ಏಳರ ಬದಲು ಒಂಬತ್ತು ಸುತ್ತಿದೆ.
ಇದೊಂದನ್ನು ಬರೆಯಲಿಕ್ಕೇ ಮೇಲಿನದ್ದೆಲ್ಲ ಬರೆದೆ.

ಈಗ ಭಾನುವಾರ ಬರುತ್ತಾನೆ.
ಬೂಟು ಬಿಚ್ಚಲು ಹೊತ್ತು ಹಿಡಿಯುತ್ತದೆ.
ನಿನ್ನೆ ಉಪ್ಪಿನಲ್ಲಿ ಹಾಕಿಟ್ಟ ಅಣಬೆಯ ಜಾಡಿ ಮುಂದಿಟ್ಟೆ,
ಮರೆತು, ಅವನ ಕೈಗೇ.
ಮುಚ್ಚಳ ತಿರುಗಲಿಲ್ಲ.
ಬಟ್ಟೆ ಹಿಡಿದು ತಿರುಗಿಸಿದ. ಎದೆಗೊತ್ತಿಕೊಂಡು ತಿರುಗಿಸಿದ.
ಆಮೇಲೆ ಜಾಡಿಯ ಚೀಟಿಯನ್ನು
ಗಟ್ಟಿಯಾಗಿ ಓದತೊಡಗಿದ:
"ಆಗಸ್ಟ್. ಬಿಳಿ ಅಣಬೆ. ಹೊಳೆಯಾಚೆಯ ಬರ್ಚ್ ತೋಪು."

ನಾನು ಈಸಿಕೊಂಡು
ಮುಚ್ಚಳದಡಿ ಚಾಕುವಿನ ತುದಿ ತೂರಿಸಿದೆ.
ಗಾಳಿ ಉಸ್ಸೆಂದಿತು.
ಒಂದು ಬಾಯಿಗೆ ಹಾಕಿಕೊಂಡ,
ತುಂಬ ಹೊತ್ತು ಅಗಿದ.
ಉಪ್ಪು ಕಮ್ಮಿ, ಅಂದ.